ಕರ್ನಲ್ ಡ್ರೈವರ್‌ನ ಅಡ್ರೆಸ್ ಚೆಕ್‌ಗೆ ಯು64 ಕ್ಯಾಸ್ಟ್ ಹಾಕಿದರೆ ಓವರ್‌ಫ್ಲೋ ಸಮಸ್ಯೆ ಮುಗಿಯುತ್ತಾ?

ಮುಗಿಯಲ್ಲ. ಅದೇ ಕ್ಯಾಸ್ಟ್ (ಸಂಖ್ಯೆಯನ್ನು 64 ಬಿಟ್‌ನ, ಮೈನಸ್ ಇಲ್ಲದ ವಿಧಕ್ಕೆ ಬದಲಿಸೋದು) ಹಾಕಿ, ಮುಗಿಯಿತು ಅಂತ ನಂಬಿ, ಕೆಲವು ವರ್ಷ ನೆಮ್ಮದಿಯಾಗಿ ಮಲಗಿದವನು ನಾನು.

ನಿಮ್ಮ ಐಆಕ್ಟಲ್‌ನಲ್ಲಿ (ಯೂಸರ್ ಪ್ರೋಗ್ರಾಮ್ ಡ್ರೈವರ್‌ಗೆ ಆದೇಶ ಕೊಡುವ ಕರೆ) "ಅಡ್ರೆಸ್ + ಲೆಂತ್ > ಟಾಸ್ಕ್‌ಸೈಜ್ ಆದರೆ ಎರರ್" ಅಂತ ಇದೆ (ಟಾಸ್ಕ್‌ಸೈಜ್ ಅಂದ್ರೆ ಯೂಸರ್ ವಿಳಾಸಗಳ ಮಿತಿ), ಮೊತ್ತ ಓವರ್‌ಫ್ಲೋ ಆಗಿ, ಅಂದ್ರೆ ಬಿಟ್‌ಗಳಲ್ಲಿ ಹಿಡಿಸದೆ, ಸುತ್ತಿ ಸೊನ್ನೆ ದಾಟಿ ಬರುತ್ತೆ ಅಂತ ರಿವ್ಯೂನಲ್ಲಿ ಹೇಳಿದ್ದಾರೆ. ಈಗ ಕ್ಯಾಸ್ಟ್ ಹಾಕಲಾ, ಇಲ್ಲ "ಮೊತ್ತ ಅಡ್ರೆಸ್‌ಗಿಂತ ಚಿಕ್ಕದಾಯ್ತಾ" ಅಂತ ಇನ್ನೊಂದು ಇಫ್ ಸೇರಿಸಲಾ ಅನ್ನೋದು ಪ್ರಶ್ನೆ. ನನ್ನ ಡ್ರೈವರ್‌ನಲ್ಲೂ ಇದೇ ಸಾಲು ಇತ್ತು.

ನಮ್ಮದು 32 ಬಿಟ್ ಎಕ್ಸ್86 ಬೋರ್ಡ್, 512 ಎಂಬಿ ರ್‍ಯಾಮ್. ಲಿನಕ್ಸ್‌ನ ಮಾಮೂಲಿ ಹಂಚಿಕೆ ಗೊತ್ತಲ್ವಾ? 4 ಜಿಬಿ ವಿಳಾಸಗಳಲ್ಲಿ ಕೆಳಗಿನ 3 ಜಿಬಿ ಯೂಸರ್ ಪ್ರೋಗ್ರಾಮ್‌ಗೆ, ಮೇಲಿನ 1 ಜಿಬಿ ಕರ್ನಲ್‌ಗೆ. ಡಿವೈಸ್‌ನಿಂದ ಬಂದ ಡೇಟಾವನ್ನು ಯೂಸರ್ ಕೊಟ್ಟ ವಿಳಾಸಕ್ಕೆ ಬರೆಯೋದು ನನ್ನ ಕೋಡ್‌ನ ಕೆಲಸ. ಸ್ಪೀಡ್ ಬೇಕು ಅಂತ ರೇಂಜ್ ಚೆಕ್ ಒಂದು ಸಲ ನಾನೇ ಮಾಡಿಬಿಟ್ಟು, ಆಮೇಲೆ ಲೂಪ್‌ನಲ್ಲಿ ಚೆಕ್ ಇಲ್ಲದ ಕಾಪಿ-ಟು-ಯೂಸರ್ ಕರೆಯುತ್ತಿದ್ದೆ. ಹೆಸರಿನ ಶುರುವಿನಲ್ಲಿ ಎರಡು ಅಂಡರ್‌ಸ್ಕೋರ್ ಇರುತ್ತಲ್ಲ, ಅದು. ಎಷ್ಟು ಸ್ಪೀಡ್ ಸಿಕ್ಕಿತು ಅಂತ ಅಳೆದು ನೋಡಿರಲಿಲ್ಲ.

ಟೆಸ್ಟ್ ಸ್ಕ್ರಿಪ್ಟ್ ಒಂದು ರ್‍ಯಾಂಡಮ್ ಅಡ್ರೆಸ್, ರ್‍ಯಾಂಡಮ್ ಲೆಂತ್ ಕೊಡುತ್ತಿತ್ತು. ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆ ಬೋರ್ಡ್ ಸತ್ತಿರುತ್ತಿತ್ತು. ಊಪ್ಸ್ (ಕರ್ನಲ್ ಎಡವಿದಾಗ ಬರುವ ಎರರ್ ವರದಿ) ಒಂದು ದಿನ ಫೈಲ್ ಸಿಸ್ಟಮ್‌ನಲ್ಲಿ, ಇನ್ನೊಂದು ದಿನ ನೆಟ್‌ವರ್ಕ್ ಕೋಡ್‌ನಲ್ಲಿ. ನನ್ನ ಡ್ರೈವರ್‌ನ ಹೆಸರೇ ಇಲ್ಲ. ರ್‍ಯಾಮ್ ಕೆಟ್ಟಿದೆ ಅಂದುಕೊಂಡು ಎರಡು ಬೋರ್ಡ್ ಬದಲಾಯಿಸಿದೆ. ಎರಡು ವಾರ ಹಾಗೇ ಹೋಯಿತು.

ಲೆಕ್ಕ ನೋಡಿ. ಅಡ್ರೆಸ್ 3221229568, ಅಂದ್ರೆ 3 ಜಿಬಿ ದಾಟಿ 4096 ಬೈಟ್ ಮೇಲೆ. ಅಲ್ಲಿರೋದೆಲ್ಲಾ ಕರ್ನಲ್ ಜಾಗ. ಲೆಂತ್ 1073741824, ಸರಿಯಾಗಿ 1 ಜಿಬಿ. ಕೂಡಿದರೆ 4294971392. ಆದರೆ 32 ಬಿಟ್‌ನಲ್ಲಿ 4294967296 ಮುಟ್ಟಿದರೆ ಮತ್ತೆ ಸೊನ್ನೆಯಿಂದ ಶುರು. ಉಳಿಯೋದು 4096. ಅದು 3 ಜಿಬಿಗಿಂತ ಎಷ್ಟೋ ಕಡಿಮೆ, ಚೆಕ್ ಪಾಸ್. 1 ಜಿಬಿ ಬರೆಯಲು ಹೋದರೆ ಹೇಗೂ ನಡುವೆ ಖಾಲಿ ವಿಳಾಸ ಸಿಕ್ಕಿ ಫಾಲ್ಟ್ ಆಗುತ್ತಲ್ಲ ಅಂತ ನಿಮಗನಿಸಬಹುದು. ಡಿವೈಸ್ ಹತ್ತಿರ ಇದ್ದದ್ದೇ 64 ಬೈಟ್. ಚೆಕ್ ನೋಡಿದ್ದು 1 ಜಿಬಿ, ಬರೆದದ್ದು 64 ಬೈಟ್. ಅದು ಸುಮ್ನೆ ಹೋಗಿ ಕರ್ನಲ್‌ನ ಯಾವುದೋ ಸ್ಟ್ರಕ್ಚರ್ ಮೇಲೆ ಕೂರುತ್ತಿತ್ತು. ಗಂಟೆಗಟ್ಟಲೆ ಆದಮೇಲೆ ಬೇರೆ ಯಾವುದೋ ಕೋಡ್ ಅದನ್ನು ಮುಟ್ಟಿ ಬೀಳುತ್ತಿತ್ತು.

ಗೊತ್ತಾದ ದಿನವೇ ಯು64 ಕ್ಯಾಸ್ಟ್ ಹಾಕಿದೆ. ಮೊದಲ ಸಲ ಬ್ರಾಕೆಟ್ ತಪ್ಪಾಗಿ, ಕೂಡಿ ಆದಮೇಲೆ ಕ್ಯಾಸ್ಟ್ ಆಗುತ್ತಿತ್ತು. ಅಷ್ಟರಲ್ಲಿ ಮೇಲಿನ ಬಿಟ್ ಬಿದ್ದುಹೋಗಿರುತ್ತಿತ್ತು. ಅದು ಅರ್ಧ ಗಂಟೆಯಲ್ಲಿ ಸಿಕ್ಕಿತು, ಬಿಡಿ. ಸರಿ ಮಾಡಿ, ಆ ಸಾಲಿನ ಮೇಲೆ ಕಾಮೆಂಟ್ ಬರೆದೆ: "ಓವರ್‌ಫ್ಲೋ ಸರಿಪಡಿಸಿದೆ."

ನನ್ನನ್ನು ಕೊಂದದ್ದು ಇದೇ. ಡಬ್ಬ ಚಿಕ್ಕದಾಯ್ತು, ದೊಡ್ಡದು ತಂದರೆ ಸರಿಹೋಗುತ್ತೆ ಅಂದುಕೊಂಡೆ. ಆದರೆ ಡಬ್ಬ ತುಂಬುವವನು ಯೂಸರ್. 32 ಬಿಟ್‌ನ ಎರಡು ಸಂಖ್ಯೆಗಳನ್ನು 64 ಬಿಟ್‌ನಲ್ಲಿ ಕೂಡಿದರೆ ಸುತ್ತಿ ಬರಲ್ಲ, ನಿಜ. ಅದು ಕ್ಯಾಸ್ಟ್‌ನ ದೊಡ್ಡಸ್ತಿಕೆ ಅಲ್ಲ. ಒಳಗೆ ಬರುವ ಸಂಖ್ಯೆಗಳು ಚಿಕ್ಕವಾಗಿದ್ದವು, ಅಷ್ಟೇ. ಅವು ಚಿಕ್ಕವಾಗಿರುವ ತನಕ ಮಾತ್ರ ಈ ಚೆಕ್ ಸರಿ ಅಂತ ನಾನು ಎಲ್ಲೂ ಬರೆದಿರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. ಕೆಲವು ವರ್ಷ ಬಿಟ್ಟು ಅದೇ ಡ್ರೈವರ್ 64 ಬಿಟ್‌ಗೆ ಹೋಯಿತು. ಸ್ಟ್ರಕ್ಟ್‌ನ ಅಡ್ರೆಸ್, ಲೆಂತ್ ಎರಡೂ ಯು64 ಆದವು. ನನ್ನ ಕ್ಯಾಸ್ಟ್ ಯು64ನ್ನು ಯು64 ಮಾಡುತ್ತಾ ಅಲ್ಲೇ ಕೂತಿತ್ತು. ಕಂಪೈಲರ್ ಒಂದು ವಾರ್ನಿಂಗ್ ಕೊಡಲಿಲ್ಲ. ರಿವ್ಯೂ ಮಾಡಿದವರು ಕಾಮೆಂಟ್ ಓದಿ ಮುಂದಿನ ಫಂಕ್ಷನ್‌ಗೆ ಹೋದರು.

ಟೆಸ್ಟ್ ಕೂಡ ಪಾಸ್! 64 ಬಿಟ್‌ನ ವಿಳಾಸಗಳು ಅಷ್ಟು ವಿಶಾಲ, ಕಣ್ಣು ಮುಚ್ಚಿ ಎಸೆದ ಕಲ್ಲು ನಿಜವಾದ ಮೆಮೊರಿ ಮೇಲೆ ಬೀಳೋದೇ ಅಪರೂಪ. ಖಾಲಿ ಜಾಗಕ್ಕೆ ಬಿದ್ದರೆ ಕಾಪಿ ಫೇಲ್ ಆಗಿ ಇಫಾಲ್ಟ್ (ವಿಳಾಸ ಸರಿಯಿಲ್ಲ ಅನ್ನೋ) ಎರರ್ ಬರುತ್ತಿತ್ತು. ನನ್ನ ಚೆಕ್ ತಡೆದರೂ ಅದೇ ಇಫಾಲ್ಟ್. ಎರಡಕ್ಕೂ ಒಂದೇ ಕೋಡ್ ಇಟ್ಟವನು ನಾನೇ. ಚೆಕ್ ಸತ್ತಿದೆ ಅಂತ ಟೆಸ್ಟ್‌ಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಬೇರೆ ತಂಡದವರೊಬ್ಬರು ಕೋಡ್ ಓದುವಾಗ ಹಿಡಿದರು. ಆ ಡಿವೈಸ್ ಫೈಲ್ ತೆರೆಯಬಲ್ಲ ಯಾರು ಬೇಕಾದರೂ ಕರ್ನಲ್ ಮೆಮೊರಿಗೆ ಬರೆಯಬಹುದಿತ್ತು. ಓಡುತ್ತಿದ್ದ ಅಷ್ಟೂ ಮಷಿನ್‌ಗಳಿಗೆ ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿಸಬೇಕಾಯಿತು. ಯಾಕೆ ಅಂತ ಎಲ್ಲರಿಗೂ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

ಚೆಕ್ ಬರೆಯಲೇಬೇಕು ಅಂದ್ರೆ ಕೂಡಬೇಡಿ, ಕಳೆಯಿರಿ. ಮೊದಲು ಲೆಂತ್ ಮಿತಿಗಿಂತ ಜಾಸ್ತಿ ಇದೆಯಾ ನೋಡಿ. ಇದ್ದರೆ ಅಲ್ಲೇ ವಾಪಸ್ ಕಳಿಸಿ. ಆಮೇಲೆ ಮಿತಿಯಲ್ಲಿ ಲೆಂತ್ ಕಳೆದು, ಅಡ್ರೆಸ್ ಅದಕ್ಕಿಂತ ಜಾಸ್ತಿಯಾ ನೋಡಿ. ಮೊದಲನೇದು ದಾಟಿದ ಮೇಲೆ ಆ ಕಳೆಯುವ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗೋಕೆ ಆಗಲ್ಲ. ಎಷ್ಟು ಬಿಟ್ ಅನ್ನೋ ಮಾತೇ ಬೇಡ. ಲೆಂತ್ ಬರೀ ಇಂಟ್ ಆಗಿದ್ದರೆ ಅನ್‌ಸೈನ್ಡ್ (ಮೈನಸ್ ಇಲ್ಲದ ವಿಧ) ಮಾಡಿ, ಇಲ್ಲಾಂದ್ರೆ -1 ಕೊಟ್ಟವನು ಮೊದಲ ಚೆಕ್ ಆರಾಮಾಗಿ ದಾಟಬಹುದು.

ನಿಮ್ಮ ಇನ್ನೊಂದು ಇಫ್ ಅನ್‌ಸೈನ್ಡ್ ಸಂಖ್ಯೆಗಳ ಮೇಲಾದರೆ ಸರಿಯೇ. ಪಾಯಿಂಟರ್ (ವಿಳಾಸ ಹಿಡಿದಿಡುವ ವೇರಿಯಬಲ್) ಮೇಲೆ ಮಾತ್ರ ಬರೆಯಬೇಡಿ. ಪಾಯಿಂಟರ್ ಸುತ್ತಿ ಬರೋದನ್ನು ಸಿ ಭಾಷೆ ಒಪ್ಪಲ್ಲ, ಹಾಗಾಗಿ ಕಂಪೈಲರ್ ಆ ಇಫ್ ಅನ್ನೇ ಕಿತ್ತುಹಾಕಬಹುದು. ಅದನ್ನು ತಡೆಯುವ ಫ್ಲ್ಯಾಗ್ ಹಾಕಿಯೇ ಲಿನಕ್ಸ್ ಕರ್ನಲ್ ಕಂಪೈಲ್ ಆಗುತ್ತೆ. ಅದೇ ಸಾಲನ್ನು ಯೂಸರ್ ಪ್ರೋಗ್ರಾಮ್‌ಗೆ ಕಾಪಿ ಮಾಡಿದರೆ ಆ ಫ್ಲ್ಯಾಗ್ ಜೊತೆಗೆ ಬರಲ್ಲ.

ಆದರೆ ನನ್ನ ಕೇಳಿದರೆ ಪ್ರಶ್ನೆಯೇ ಸರಿ ಇಲ್ಲ. ಈ ಚೆಕ್ ನೀವು ಯಾಕೆ ಬರೀತಿದ್ದೀರಿ? ಅಂಡರ್‌ಸ್ಕೋರ್ ಇಲ್ಲದ ಕಾಪಿ-ಟು-ಯೂಸರ್ ತನ್ನೊಳಗೇ ರೇಂಜ್ ನೋಡಿಕೊಳ್ಳುತ್ತೆ. ಚೆಕ್ ಒಂದು ಕಡೆ, ಕಾಪಿ ಇನ್ನೊಂದು ಕಡೆ ಇಟ್ಟರೆ ಕರ್ನಲ್ ಬರೆಯುವವರೇ ಎಡವುತ್ತಾರೆ. 2017ರ 4.13 ಕರ್ನಲ್‌ನಲ್ಲಿ ವೇಟ್‌ಐಡಿ ಅನ್ನೋ ಸಿಸ್ಟಮ್ ಕಾಲ್‌ಗೆ ಆಕ್ಸೆಸ್-ಓಕೆ (ವಿಳಾಸ ಯೂಸರ್ ಜಾಗದಲ್ಲೇ ಇದೆಯಾ ಅಂತ ನೋಡುವ) ಚೆಕ್ ಬಿಟ್ಟುಹೋಗಿ, ಮಾಮೂಲಿ ಯೂಸರ್ ಕರ್ನಲ್ ಮೆಮೊರಿಗೆ ಬರೆಯುವಂತಾಗಿತ್ತು. ಆ ದೋಷದ ನಂಬರ್ ಸಿವಿಇ-2017-5123, ಹುಡುಕಿ. ಅಂದಹಾಗೆ, ನೀವು ನೋಡುತ್ತಿರುವ ಟ್ಯುಟೋರಿಯಲ್‌ನಲ್ಲಿ ಆಕ್ಸೆಸ್-ಓಕೆಗೆ ಮೂರು ಆರ್ಗ್ಯುಮೆಂಟ್ ಇದ್ದರೆ ಅದು ಹಳೇದು. 2019ರ 5.0ರಿಂದ ಎರಡೇ.

ಬದಲಾಯಿಸುವಾಗ ಒಂದು ನೆನಪಿಡಿ: ಕಾಪಿ-ಟು-ಯೂಸರ್ ವಾಪಸ್ ಕೊಡೋದು ಎರರ್ ಕೋಡ್ ಅಲ್ಲ, ಕಾಪಿ ಆಗದೆ ಉಳಿದ ಬೈಟ್‌ಗಳ ಸಂಖ್ಯೆ. ಅದನ್ನೇ ನೇರವಾಗಿ ರಿಟರ್ನ್ ಮಾಡಬೇಡಿ.

ನಾನು ಕೊನೆಗೆ ಚೆಕ್, ಕ್ಯಾಸ್ಟ್, ಕಾಮೆಂಟ್ ಮೂರನ್ನೂ ಅಳಿಸಿ, ಅಂಡರ್‌ಸ್ಕೋರ್ ತೆಗೆದೆ. ಈ ಸಲ ಸ್ಪೀಡ್ ಅಳೆದೆ. ಮೊದಲಿಗೂ ಈಗಿಗೂ ವ್ಯತ್ಯಾಸ ಕಾಣಲೇ ಇಲ್ಲ.