ಶಸ್ತ್ರಚಿಕಿತ್ಸೆಯ ನಂತರದ ಒಳಉಡುಪು: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಯಾವ ಬ್ರಾ ಹಾಕಿಕೊಳ್ಳಬೇಕು, ಎಲ್ಲಿ ಎಡವುತ್ತೇವೆ ಎಂದು ಕೇಳಿ ಕೊಡಗಿನಿಂದ ಹಲವು ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ವಯಸ್ಸು 46. ಮೂರು ತಿಂಗಳ ಹಿಂದೆ ಮೈಸೂರಿನಲ್ಲಿ ಎಡ ಸ್ತನ ತೆಗೆದರು. ಹಳೆಯ ಬ್ರಾದೊಳಗೆ ಹತ್ತಿ ತುಂಬಿಕೊಂಡು ಓಡಾಡುತ್ತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಆ ಕಡೆ ಕತ್ತಿನವರೆಗೆ ಏರಿಬಿಡುತ್ತದೆ. ಕುತ್ತಿಗೆ ನೋವೂ ಶುರುವಾಗಿದೆ. ಅಂಗಡಿಯಲ್ಲಿ ಕೇಳಿದರೆ ಪ್ಯಾಡ್ ಇರುವ ಬ್ರಾ ಕೊಟ್ಟರು. ಅಳತೆ ಹೇಗೆ ತೆಗೆಯುವುದು? ನೋಡಲು ಚೆನ್ನಾಗಿರುವಂಥದ್ದು ಬೇಕೆನ್ನುವುದು ಈ ವಯಸ್ಸಿನಲ್ಲಿ ಅತಿಯಾಯಿತೇ? (ವಿರಾಜಪೇಟೆ)

ಖಂಡಿತ ಅತಿಯಲ್ಲ. ಮೊದಲು ಏರುವುದು ಯಾಕೆಂದು ನೋಡೋಣ, ಏಕೆಂದರೆ ಮಿಕ್ಕ ತೊಂದರೆಗಳೂ ಅಲ್ಲಿಂದಲೇ ಹುಟ್ಟುತ್ತವೆ. ಹತ್ತಿಗೆ ತೂಕವಿಲ್ಲ. ಬ್ರಾವನ್ನು ಕೆಳಗೆ ಹಿಡಿದಿಡುವುದರಲ್ಲಿ ಸ್ತನದ ಭಾರಕ್ಕೂ ಪಾಲಿದೆ. ಎಡಗಡೆ ಆ ಭಾರ ಹೋದಾಗ ಎಲಾಸ್ಟಿಕ್ ಮೇಲಕ್ಕೆ ಜಾರುತ್ತದೆ, ಬಲಗಡೆಯ ಭಾರ ಒಂದೇ ಭುಜದ ಮೇಲೆ ಬೀಳುತ್ತದೆ. ಗೊತ್ತಿಲ್ಲದೆ ಒಂದು ಭುಜ ಎತ್ತಿ, ಇನ್ನೊಂದು ಇಳಿಸಿ ನಿಲ್ಲುತ್ತೀರಿ. ನಿಮ್ಮ ಕುತ್ತಿಗೆ ನೋವಿಗೆ ಇದು ಕಾರಣವಿರಬಹುದು. ಆದರೂ ವೈದ್ಯರಿಗೆ ತಪ್ಪದೆ ತಿಳಿಸಿ.

ಮೂರು ತಿಂಗಳಾಗಿರುವುದರಿಂದ ಗಾಯ ಪೂರ್ತಿ ಮಾಗಿದ್ದರೆ ತೂಕವಿರುವ ಸಿಲಿಕೋನ್ ಕೃತಕ ಸ್ತನ ಹಾಕಿಕೊಳ್ಳಬಹುದೇ ಎಂದು ನಿಮ್ಮ ಸರ್ಜನ್ನರನ್ನು ಕೇಳಿ. ಇದಕ್ಕೆ ಅಂಗಡಿಯವರು ‘ಫಾರ್ಮ್’ ಎನ್ನುತ್ತಾರೆ. ಸಾಮಾನ್ಯವಾಗಿ ಆರರಿಂದ ಎಂಟು ವಾರದ ನಂತರ ಒಪ್ಪಿಗೆ ಸಿಗುತ್ತದೆ. ಅಲ್ಲಿಯವರೆಗಿನ ದಿನಗಳಿಗೆ ಫೈಬರ್ ತುಂಬಿದ ಹಗುರ ಬಟ್ಟೆಯ ಫಾರ್ಮ್. ಸಿಲಿಕೋನಿನಲ್ಲೂ ಮಾಮೂಲಿ ತೂಕದ್ದು, ಅದಕ್ಕಿಂತ ಹಗುರದ್ದು ಎಂದು ಎರಡು ಬಗೆ. ದೊಡ್ಡ ಸ್ತನದವರು, ಬೆನ್ನು ನೋವಿರುವವರು, ಕೈ ಬಾತಿರುವವರು ಹಗುರದ್ದನ್ನು ನೋಡಬೇಕು. ಕಂಕುಳಿನವರೆಗೂ ಮಾಂಸ ತೆಗೆದಿದ್ದರೆ ಆ ಕಡೆಗೆ ಬಾಲ ಚಾಚಿದ ಆಕಾರ ಕೇಳಿ. ಅದರಲ್ಲಿ ಎಡ, ಬಲ ಬೇರೆ ಬೇರೆ ಬರುತ್ತವೆ.

ಮೊದಲು ಬ್ರಾ, ಆಮೇಲೆ ಫಾರ್ಮ್. ಈ ಸಾಲು ತಪ್ಪಿದರೆ ದುಡ್ಡು ದಂಡ. ಪ್ಯಾಡ್ ಇಲ್ಲದ, ಸಡಿಲವಾಗದ ಬ್ರಾ ತೊಟ್ಟು ಕನ್ನಡಿ ಮುಂದೆ ನಿಂತು, ಉಸಿರು ಬಿಟ್ಟ ಮೇಲೆ ಸ್ತನದ ಕೆಳಗೆ ಟೇಪು ಸುತ್ತಿ. 34 ಇಂಚು ಬಂತೆನ್ನಿ. ಮೇಲಿನ ಸುತ್ತಳತೆ ನಿಮಗೆ ಸರಿಯಾಗಿ ಸಿಗುವುದಿಲ್ಲ, ಒಂದು ಕಡೆ ಚಪ್ಪಟೆ ಇದೆಯಲ್ಲ. ಅದಕ್ಕೆ ಎದೆಯ ನಡುಮೂಳೆಯಿಂದ ಹೊರಟು, ಇರುವ ಸ್ತನದ ಎತ್ತರದ ಭಾಗದ ಮೇಲೆ ಹಾದು, ಬೆನ್ನುಮೂಳೆಯವರೆಗೆ ಅರ್ಧ ಸುತ್ತು ಅಳೆದು ಎರಡರಿಂದ ಗುಣಿಸಿ. ಬೆನ್ನ ಕಡೆ ಟೇಪು ಹಿಡಿಯಲು ಇನ್ನೊಬ್ಬರು ಬೇಕಾಗುತ್ತದೆ. ಅರ್ಧ 18.5 ಇದ್ದರೆ ಪೂರ್ತಿ 37. ವ್ಯತ್ಯಾಸ ಮೂರು ಇಂಚು. ಈ ವ್ಯತ್ಯಾಸವೇ ಕಪ್ಪಿನ (ಬ್ರಾದಲ್ಲಿ ಸ್ತನ ಕೂರುವ ಬಟ್ಟಲಿನ) ಅಳತೆ: ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ನಿಮ್ಮದು 34 ಸಿ. ಕೆಲವು ಕಂಪನಿಗಳು ಕೆಳ ಅಳತೆಗೆ ನಾಲ್ಕೈದು ಇಂಚು ಸೇರಿಸಿ ಸೈಜ್ ಹೇಳುತ್ತವೆ. ಹಾಗಾಗಿ ಕೊಳ್ಳುವ ಕಂಪನಿಯದೇ ಪಟ್ಟಿ ನೋಡದೆ ಆರ್ಡರ್ ಮಾಡಬೇಡಿ.

ಬ್ರಾ ಕೈಗೆ ಬಂದಾಗ ಲೇಸ್ ನೋಡುವ ಮೊದಲು ಒಳಗಡೆ ತಿರುಗಿಸಿ ನೋಡಿ. ಕಪ್ಪಿನ ಒಳಗೆ ಫಾರ್ಮ್ ಇಡಲು ಮೆತ್ತನೆಯ ಬಟ್ಟೆಯ ಜೇಬು ಇರಬೇಕು. ತಂತಿ ಇರಕೂಡದು, ಅದು ಗಾಯದ ಗೆರೆಗೂ ಒತ್ತುತ್ತದೆ, ಫಾರ್ಮನ್ನೂ ಕೆಡಿಸುತ್ತದೆ. ಭುಜದ ಪಟ್ಟಿ ಎರಡು ಸೆಂಟಿಮೀಟರಿಗಿಂತ ಕಿರಿದಾದರೆ ಬೇಡ. ಕಪ್ಪು ನಡುವಿನಲ್ಲೂ ಕಂಕುಳಿನ ಕಡೆಯೂ ಎತ್ತರವಾಗಿ ಬರಬೇಕು, ಇಲ್ಲವಾದರೆ ಬಗ್ಗಿದಾಗ ಫಾರ್ಮ್ ಇಣುಕುತ್ತದೆ. ಕೆಳಪಟ್ಟಿಯೊಳಗೆ ಎರಡು ಬೆರಳು ತೂರಬೇಕು, ಮೂರು ತೂರಿದರೆ ಸಡಿಲ. ಹೊಸದನ್ನು ಹೊರಗಿನ ಸಾಲಿನ ಹುಕ್ಕಿಗೆ ಹಾಕಿದಾಗ ಸರಿ ಕೂರುವುದನ್ನೇ ಕೊಳ್ಳಿ, ಎಲಾಸ್ಟಿಕ್ ಹಿಗ್ಗಿದಂತೆ ಒಳಸಾಲಿಗೆ ಹೋಗಬಹುದು. ಕೈ ಹಿಂದಕ್ಕೆ ಹೋಗದವರಿಗೆ ಮುಂದೆ ಹುಕ್ ಇರುವುದೇ ಸುಖ. ಅಂಗಡಿಯವರು ಕೊಟ್ಟ ಅಚ್ಚಿನ ಸ್ಪಂಜಿನ ಕಪ್ಪನ್ನು ವಾಪಸು ಕೊಡಿ. ಆ ಸ್ಪಂಜು ತನ್ನ ಆಕಾರ ಬಿಡುವುದಿಲ್ಲ, ಫಾರ್ಮನ್ನು ಎದೆಗೆ ಒತ್ತಿ ಪಕ್ಕಕ್ಕೆ ತಳ್ಳುತ್ತದೆ.

ಫಾರ್ಮ್ ಇಟ್ಟ ಮೇಲೆ ಎರಡೂ ಕೈ ಮೇಲೆತ್ತಿ, ಕಾಫಿ ಹಣ್ಣು ಕೊಯ್ಯುವವರ ಹಾಗೆ ಪಕ್ಕಕ್ಕೆ ವಾಲಿ, ಕಸ ಗುಡಿಸುವ ಹಾಗೆ ಬಗ್ಗಿ. ಆ ಕಡೆ ಬ್ರಾ ಏರಿದರೆ ಫಾರ್ಮ್ ಹಗುರ ಅಥವಾ ಕೆಳಪಟ್ಟಿ ಸಡಿಲ. ಪಟ್ಟಿ ಭುಜಕ್ಕೆ ಕೊರೆದರೆ ಫಾರ್ಮ್ ಭಾರ, ಇಲ್ಲವೇ ಭಾರವನ್ನೆಲ್ಲ ಪಟ್ಟಿಯೇ ಹೊರುತ್ತಿದೆ, ಅಂದರೆ ಕೆಳಸುತ್ತು ದೊಡ್ಡದಾಯಿತು. ಕಪ್ಪಿನ ಮೇಲಂಚು ಬಾಯಿ ಬಿಟ್ಟರೆ ಫಾರ್ಮ್ ಚಿಕ್ಕದು.

ಇಷ್ಟು ಸರಿಯಾದ ಮೇಲೆ ಚೆಲುವಿನ ಮಾತು. ಜೇಬಿನ ಬ್ರಾ ಎಂದರೆ ಮೈಬಣ್ಣದ ಬೋಳು ಬಟ್ಟೆ ಎಂಬ ಕಾಲ ಹೋಯಿತು. ಅಮೋಯೆನಾ, ಅನಿತಾದಂಥ ಕಂಪನಿಗಳು ಲೇಸ್ ಇರುವ, ಬಣ್ಣಬಣ್ಣದ ಜೇಬಿನ ಬ್ರಾ ಮಾಡುತ್ತವೆ. ಲೇಸ್ ಕಪ್ಪಿನ ಮೇಲಂಚಿನಲ್ಲಿ, ಎದೆಯ ತಗ್ಗಿನ ಮೇಲೆ ಬರುವಂಥದ್ದನ್ನು ಆರಿಸಿ. ಅಂದಕ್ಕೆ ಅಂದ, ಗುರುತೂ ಮರೆಯಾಗುತ್ತದೆ. ಅದರ ಹಿಂದೆ ಮೆತ್ತನೆಯ ಅಸ್ತರು ಇರಲೇಬೇಕು, ಬರಿಯ ನೈಲಾನ್ ಲೇಸ್ ಗಾಯದ ಗೆರೆಗೆ ಉಜ್ಜಿದರೆ ಸಂಜೆಗೆ ಕೆಂಪಾಗುತ್ತದೆ.

ಪ್ರಶ್ನೆ: ನಾನು ಟೈಲರ್. ಗಿರಾಕಿಯೊಬ್ಬರು ತಮ್ಮ ಮಾಮೂಲಿ ಬ್ರಾಗೆ ಜೇಬು ಹೊಲಿದುಕೊಡಿ ಎಂದು ತಂದಿದ್ದಾರೆ. ಹೇಗೆ ಹೊಲಿಯಲಿ? (ಸೋಮವಾರಪೇಟೆ)

ಬಹಳ ಉಪಕಾರದ ಕೆಲಸ. ಸ್ಪಂಜು, ತಂತಿ ಇಲ್ಲದ, ಪೂರ್ತಿ ಮುಚ್ಚುವ ಹತ್ತಿ ಬ್ರಾ ಆದರೆ ಮಾತ್ರ ಒಪ್ಪಿಕೊಳ್ಳಿ. ಜೇಬಿಗೆ ಬನಿಯನ್ ಬಟ್ಟೆ ಸಾಕು, ಆದರೆ ಮೊದಲು ಒಗೆದು ಒಣಗಿಸಿ. ಕುಗ್ಗುವ ಬಟ್ಟೆಯನ್ನು ಹಾಗೇ ಹೊಲಿದರೆ ಮೊದಲ ಒಗೆತಕ್ಕೇ ಕಪ್ಪು ಮುದುಡುತ್ತದೆ.

ಕಪ್ಪಿನ ಒಳಮೈ ಮೇಲೆ ಬರುವಂತೆ ಒಂದು ಬಟ್ಟಲಿನ ಮೇಲೆ ಹರಡಿ, ತೆಳು ಕಾಗದವಿಟ್ಟು ಅಂಚು ಗುರುತಿಸಿ: ಪಟ್ಟಿ ಶುರುವಾಗುವಲ್ಲಿಂದ ನಡುವಿಗೆ, ಅಲ್ಲಿಂದ ಕೆಳಪಟ್ಟಿಯುದ್ದಕ್ಕೆ, ಕೊನೆಗೆ ಕಂಕುಳಿನ ಅಂಚಿಗೆ. ಸುತ್ತ ಒಂದು ಸೆಂಟಿಮೀಟರ್ ಹೊಲಿಗೆಗೆ, ಅಗಲದಲ್ಲಿ ಇನ್ನೊಂದು ಸೆಂಟಿಮೀಟರ್ ಸಡಿಲಕ್ಕೆ ಬಿಡಿ. ಬಟ್ಟೆ ಹಿಗ್ಗುವ ದಿಕ್ಕು ಅಡ್ಡಕ್ಕೆ ಬರಲಿ. ಕಂಕುಳಿನ ಕಡೆಯ ಅಂಚಿನಲ್ಲಿ 9–10 ಸೆಂಟಿಮೀಟರ್ ಬಾಯಿ ಬಿಟ್ಟು, ಆ ಬಾಯಿಯನ್ನು ಮೊದಲೇ ಮಡಚಿ ಒಳಗೆ ಕಿರಿದಾದ ಮೆತ್ತನೆಯ ಎಲಾಸ್ಟಿಕ್ ಹಾಕಿ ಹೊಲಿದುಬಿಡಿ. ಮಿಕ್ಕ ಅಂಚುಗಳನ್ನು ಮಡಿಕೆ ಕಪ್ಪಿನ ಕಡೆಗೆ, ನುಣುಪು ಮೈ ಚರ್ಮದ ಕಡೆಗೆ ಬರುವಂತೆ ಸೇರಿಸಿ. ನೇರ ಹೊಲಿಗೆ ಬೇಡ, ಹಿಗ್ಗಿದಾಗ ದಾರ ಪಟ್ಟೆಂದು ಹರಿಯುತ್ತದೆ. ಸಣ್ಣ ಜಿಗ್‌ಜಾಗ್ ಹಾಕಿ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಕೆಳಪಟ್ಟಿಯ ಎಲಾಸ್ಟಿಕ್ ಮೇಲೆಯೇ ಹೊಲಿದರೆ ಅದರ ಹಿಗ್ಗು ಸತ್ತುಹೋಗುತ್ತದೆ, ಅದಕ್ಕೆ ಎಲಾಸ್ಟಿಕ್ಕಿನ ಮೇಲಂಚಿನ ಹೊಲಿಗೆಗೆ ತಾಗಿಸಿ ಹೊಲಿಯಿರಿ. ಇನ್ನೊಂದು, ಜೇಬನ್ನು ಬಿಗಿಯಾಗಿ ಎಳೆದು ಹೊಲಿಯುವುದು. ಆಗ ಫಾರ್ಮ್ ಚಪ್ಪಟೆಯಾಗಿ ಕಪ್ಪಿನ ತುದಿ ಖಾಲಿ ಉಳಿಯುತ್ತದೆ. ಹೊಲಿಗೆಯ ಗಂಟು ಗಾಯದ ಗೆರೆಯ ಮೇಲೆ ಬರುತ್ತದೆಯೇ ಎಂದು ಗಿರಾಕಿಯನ್ನು ಒಳಗೆ ಕರೆದು, ಬಾಗಿಲು ಹಾಕಿ, ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮ ಅವ್ವನಿಗೆ ಬಲಗಡೆ ಶಸ್ತ್ರಚಿಕಿತ್ಸೆಯಾಗಿದೆ, ಬಲಗೈ ಸ್ವಲ್ಪ ಬಾತಿದೆ. ಮನೆಯಲ್ಲಿ ಮದುವೆ ಇದೆ, ಕೊಡವ ಸೀರೆ ಉಟ್ಟು ಉದ್ದ ತೋಳಿನ ಜಾಕೆಟ್ ಹಾಕಬೇಕೆಂದು ಅವ್ವನ ಆಸೆ. ಏನು ಮಾಡಬೇಕು? (ಗೋಣಿಕೊಪ್ಪ)

ನೆರಿಗೆ ಹಿಂದಕ್ಕಿಟ್ಟು, ಎಡ ಕಂಕುಳಿನ ಕೆಳಗಿಂದ ತಂದ ಸೆರಗನ್ನು ಬಲಭುಜದ ಮೇಲೆ ಸಿಕ್ಕಿಸುವ ಉಡುಗೆ ಅದು. ಬಲಗಡೆಯ ಎದೆ ಸೆರಗಿನಡಿ ಬರುವುದರಿಂದ ಮೇಲಿನ ತಗ್ಗು ಕಾಣುವುದಿಲ್ಲ. ಕತ್ತು ಮುಚ್ಚಿದ ಜಾಕೆಟ್ಟೂ ಅನುಕೂಲವೇ. ಎಡಗಡೆ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಕತ್ತೆಲುಬಿನ ಕೆಳಗಿನ ತಗ್ಗು ಜಾಕೆಟ್ಟಿನಲ್ಲಿ ಎದ್ದು ಕಾಣಬಹುದು. ಅವರು ಅಲ್ಲಿಗೆ ಒಳಗಿನಿಂದ ತೆಳು ಪ್ಯಾಡ್ ಹೊಲಿಸಿಕೊಳ್ಳಲಿ.

ಅವ್ವನ ವಿಷಯದಲ್ಲಿ ಎಚ್ಚರ ಬೇಕಾದುದು ಪಿನ್ನು ಮತ್ತು ತೋಳಿಗೆ. ಬ್ರೂಚಿನ ಮುಳ್ಳು ಒಮ್ಮೆ ತಾಗಿದರೆ ಸಿಲಿಕೋನಿನ ಹೊದಿಕೆ ತೂತಾಗಿ ಒಳಗಿನ ಜೆಲ್ ಅಂಟಂಟಾಗಿ ಸೋರುತ್ತದೆ. ಟೇಪು ಅಂಟಿಸಿ ಆ ದಿನ ಕಳೆಯಬಹುದು, ರಿಪೇರಿ ಇಲ್ಲ. ಆದ್ದರಿಂದ ಬ್ರೂಚ್ ಭುಜದ ಮೂಳೆಯ ಮೇಲೆಯೇ ಇರಲಿ, ಎದೆಗೆ ಇಳಿಯದಿರಲಿ. ಎರಡನೆಯ ಪಿನ್ ಬೇಕೇ ಬೇಕಾದರೆ ಅದರ ಬದಲು ಜಾಕೆಟ್ಟಿಗೆ ಒಳಗೆ ಒಂದು ಟಿಚ್ ಬಟನ್ ಹೊಲಿಸಿ. ಭಾರಿ ಜರಿಯ ರೇಷ್ಮೆ ಆ ಭುಜವನ್ನು ಇಡೀ ದಿನ ಎಳೆಯುತ್ತದೆ, ಹಗುರದ್ದನ್ನು ಉಡಿಸಿ.

ತೋಳಿನ ಅಳತೆಯನ್ನು ಸಂಜೆ ಕೊಡಿ. ಬಾವು ದಿನ ಕಳೆದಂತೆ ಏರುತ್ತದೆ, ಬೆಳಗಿನ ಅಳತೆಯ ತೋಳು ರಾತ್ರಿ ಊಟದ ಹೊತ್ತಿಗೆ ಹಗ್ಗ ಕಟ್ಟಿದಂತಾಗುತ್ತದೆ. ವೈದ್ಯರು ಬಿಗಿ ತೋಳುಚೀಲ ಕೊಟ್ಟಿದ್ದರೆ ಅದನ್ನು ಹಾಕಿಕೊಂಡೇ ಅಳೆಯಲಿ. ಸುತ್ತಳತೆಗೆ ಮೂರು ಸೆಂಟಿಮೀಟರ್ ಸೇರಿಸಿ, ಮಣಿಕಟ್ಟಿನಿಂದ ಒಂದು ಗೇಣು ಮೇಲಿನವರೆಗೆ ಸೀಳು ಬಿಟ್ಟು ಹುಕ್ ಇಡಿಸಿ. ಕಂಕುಳಿಗೆ ಚೌಕದ ತುಂಡು ಕೊಟ್ಟರೆ ಕೈ ಎತ್ತಲು ಸಲೀಸು. ತೋಳು ಬಲಗಡೆ ಮಾತ್ರ ಸಡಿಲವಾದರೆ ಕಣ್ಣಿಗೆ ಹೊಡೆಯುತ್ತದೆ, ಎರಡನ್ನೂ ಒಂದೇ ಅಳತೆಗೆ ಹೊಲಿಯಲಿ. ಆ ಕೈಗೆ ಬಿಗಿ ಬಳೆ ಬೇಡ. ಎರಡೂ ಕೈಯ ಒಂದೇ ಜಾಗದಲ್ಲಿ ಅಳೆದಾಗ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮದುವೆಗೆ ಕಾಯದೆ ವೈದ್ಯರಿಗೆ ತೋರಿಸಿ. ಕೈ ಕೆಂಪಾಗಿ, ಬಿಸಿಯೇರಿ, ಜ್ವರ ಬಂದರೆ ಅದೇ ದಿನ ಹೋಗಬೇಕು. ತೋಟದಲ್ಲಿ ಮುಳ್ಳು ಗೀರಿದ್ದು, ಜಿಗಣೆ ಕಚ್ಚಿದ್ದು ಇಂಥ ಕೈಯಲ್ಲಿ ಬೇಗ ಸೋಂಕಾಗುತ್ತದೆ. ಉದ್ದ ತೋಳು, ಕೈಗವಸು ಇಲ್ಲದೆ ತೋಟಕ್ಕೆ ಇಳಿಯಲು ಬಿಡಬೇಡಿ.

ಪ್ರಶ್ನೆ: ಸಿಲಿಕೋನ್ ಕೊಳ್ಳುವಷ್ಟು ದುಡ್ಡಿಲ್ಲ. ಬಟ್ಟೆಯ ಚೀಲಕ್ಕೆ ಅಕ್ಕಿ ತುಂಬಿ ಮಾಡಿಕೊಂಡೆ, ಕಕ್ಕಡ ತಿಂಗಳ ಮಳೆಯಲ್ಲಿ ವಾಸನೆ ಬಂತು. ಬ್ರಾ ಕೂಡ ಒಣಗುವುದಿಲ್ಲ, ಕೆಳಗೆಲ್ಲ ತುರಿಕೆ. (ಮಡಿಕೇರಿ)

ಅಕ್ಕಿ, ರಾಗಿ, ಸಾಸಿವೆ ಯಾವುದೂ ಬೇಡ. ಬೆವರು, ಮಳೆಗಾಲದ ಥಂಡಿ ಹೀರಿ ಬೂಷ್ಟು ಹಿಡಿಯುತ್ತವೆ, ಒಗೆಯಲೂ ಆಗುವುದಿಲ್ಲ. ಒಳಗೆ ಮುಷ್ಟಿಯಷ್ಟು ದೊಡ್ಡದೊಂದು ಒತ್ತು ನೇಯ್ಗೆಯ ಚೀಲ ಹೊಲಿದು ನುಣುಪಾದ ಸಣ್ಣ ಗಾಜಿನ ಮಣಿ ತುಂಬಿ, ಬಾಯಿಗೆ ಎರಡು ಸುತ್ತು ಹೊಲಿಗೆ ಹಾಕಿ. ಅದನ್ನು ಬನಿಯನ್ ಬಟ್ಟೆಯ ಸ್ತನದಾಕಾರದ ಚೀಲದೊಳಗೆ, ಎದೆಗೆ ತಾಗುವ ಬದಿಯಲ್ಲಿ ಕೆಳಗೆ ಇಟ್ಟು, ಮುಂದೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ತುಂಬಿ. ಮಣಿ 100 ಗ್ರಾಮಿನಿಂದ ಶುರು ಮಾಡಿ, ಬ್ರಾ ಏರುವುದು ನಿಲ್ಲುವವರೆಗೆ 25 ಗ್ರಾಮಿನಂತೆ ಸೇರಿಸಿ. ಭಾರವನ್ನು ಮೇಲೆ ಇಟ್ಟರೆ ಮುಂದಕ್ಕೆ ಮಗುಚುತ್ತದೆ. ಕ್ರೋಷಾ ಬರುವವರಿದ್ದರೆ ಮೆತ್ತನೆಯ ಹತ್ತಿ ನೂಲಿನಲ್ಲಿ ಹೊರಚೀಲ ಹೆಣೆಯಬಹುದು, ಉಣ್ಣೆ ಚುಚ್ಚುತ್ತದೆ.

ಮಳೆಗಾಲಕ್ಕೆ ಮೂರು ಬ್ರಾ ಬೇಕು: ಮೈಮೇಲೊಂದು, ಒಣಗುವುದೊಂದು, ಒಣಗಿದ್ದೊಂದು. ಒಗೆದು ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಜೇಬಿನ ಬಾಯಿ ತೆರೆದು ಫ್ಯಾನಿನ ಕೆಳಗೆ ತೂಗುಹಾಕಿ. ಒಲೆಯ ಮೇಲೆ ಒಣಗಿಸಿದರೆ ಎಲಾಸ್ಟಿಕ್ ಸಾಯುತ್ತದೆ. ತುರಿಕೆಯ ಜಾಗ ಕೆಂಪಾಗಿ ಅಂಚು ಕಟ್ಟಿದ್ದರೆ ಫಂಗಸ್ ಇರಬಹುದು. ಪೌಡರ್ ಹಾಕಿದರೆ ಬೆವರಿಗೆ ಉಂಡೆ ಕಟ್ಟಿ ಇನ್ನಷ್ಟು ಉಜ್ಜುತ್ತದೆ. ವೈದ್ಯರಿಂದ ಮುಲಾಮು ಬರೆಸಿಕೊಳ್ಳಿ.

ಪ್ರಶ್ನೆ: ನನ್ನ ಹೆಂಡತಿ ಆಪರೇಷನ್ ಆದಮೇಲೆ ದೀಪ ಆರಿಸಿಯೇ ಬಟ್ಟೆ ಬದಲಿಸುತ್ತಾಳೆ. ಪುತ್ತರಿ ಹಬ್ಬಕ್ಕೆ ಒಂದು ಚೆಂದದ ರಾತ್ರಿ ಉಡುಪು ತಂದುಕೊಡಬೇಕೆಂದಿದ್ದೇನೆ. ಏನು ತರಲಿ? (ಕುಶಾಲನಗರ)

ಗುಟ್ಟಾಗಿ ತರಬೇಡಿ. ‘ನಿನಗೆ ಇಷ್ಟವಾದದ್ದು ಆರಿಸು, ನಾನು ಕೊಡಿಸುತ್ತೇನೆ’ ಎನ್ನಿ. ಅಚ್ಚರಿಗೆಂದು ತಂದದ್ದರ ಕತ್ತು ಆಳವಾಗಿದ್ದರೆ, ಒಂದು ಕಡೆ ಜೋಲು ಬಿದ್ದರೆ, ನಿಮ್ಮ ಪ್ರೀತಿ ಅವರಿಗೆ ಪರೀಕ್ಷೆಯಂತೆ ಕಂಡೀತು. ಒಳಗೆ ಅಡಗಿದ ಮೆತ್ತನೆಯ ಬ್ರಾ ಮತ್ತು ಜೇಬು ಇರುವ ಲೇಸಿನ ಕ್ಯಾಮಿಸೋಲ್ (ಸಪೂರ ಪಟ್ಟಿಯ ತೋಳಿಲ್ಲದ ಒಳಅಂಗಿ) ಸಿಗುತ್ತದೆ. ಎದೆಯ ಮೇಲೆ ನೆರಿಗೆ ಅಥವಾ ಅಡ್ಡಲಾಗಿ ಒಂದರ ಮೇಲೊಂದು ಬರುವ ಮುಂಭಾಗವಿದ್ದರೆ ಎರಡು ಕಡೆಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಮೋಡಾಲ್ ಅಥವಾ ರೇಷ್ಮೆಯಂಥ ನುಣುಪಿನದಿರಲಿ. ನರ ಕತ್ತರಿಸಿದ ಜಾಗದಲ್ಲಿ ಒರಟು ಬಟ್ಟೆ ತಾಗಿದರೂ ಚುಳ್ ಎನ್ನಬಹುದು. ಮಲಗುವಾಗ ಸಿಲಿಕೋನ್ ತೆಗೆದಿಡಲಿ, ಬೇಕೆನಿಸಿದರೆ ಹಗುರ ಬಟ್ಟೆಯದನ್ನು ಇಟ್ಟುಕೊಳ್ಳಲಿ. ದೀಪ ಹಾಕುವುದು ಯಾವಾಗ ಎಂಬುದನ್ನು ಅವರಿಗೇ ಬಿಡಿ.

ಪ್ರಶ್ನೆ: ರೇಡಿಯೇಷನ್ ನಡೆಯುತ್ತಿದೆ. ಬ್ರಾ ಹಾಕಬಹುದೇ? (ಪೊನ್ನಂಪೇಟೆ)

ಚರ್ಮ ಕೆಂಪಾಗಿದ್ದರೆ ಬೇಡ. ಹಳೆಯ, ಒಗೆದು ಮೆತ್ತಗಾದ ಸಡಿಲ ಹತ್ತಿ ಬನಿಯನ್ ಸಾಕು. ಸಿಲಿಕೋನ್ ಫಾರ್ಮ್, ಬಿಗಿ ಎಲಾಸ್ಟಿಕ್ ಎರಡನ್ನೂ ದೂರವಿಡಿ. ಚಿಕಿತ್ಸೆ ಮುಗಿದು ಚರ್ಮ ಮೊದಲಿನಂತಾಗಲು ಕೆಲವು ವಾರ ಬೇಕು, ಆಗ ವೈದ್ಯರು ನೋಡಿ ಒಪ್ಪಿದ ಮೇಲೆ ಶುರು ಮಾಡಿ. ಮೊದಲ ದಿನ ಎರಡು ಗಂಟೆ, ಚರ್ಮ ಸಹಿಸಿದಂತೆ ಹೆಚ್ಚಿಸುತ್ತ ಹೋಗಿ.

ಪ್ರಶ್ನೆ: ನನಗೆ ಯಾವ ಫಾರ್ಮೂ ಬೇಡ ಅನಿಸುತ್ತದೆ. ಅದರಿಂದ ತೊಂದರೆಯೇ? (ಶನಿವಾರಸಂತೆ)

ಇಲ್ಲ. ಎರಡೂ ಕಡೆ ತೆಗೆದಿದ್ದರೆ ಸಮತೋಲದ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಕಡೆಯಾಗಿ, ಉಳಿದದ್ದು ಭಾರವಾಗಿದ್ದರೆ ಭುಜ ಇಳಿಯುತ್ತಿದೆಯೇ ಎಂದು ಆಗಾಗ ಕನ್ನಡಿಯಲ್ಲಿ ನೋಡಿಕೊಳ್ಳಿ, ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಬಿಡಬೇಡಿ. ರವಿಕೆಯನ್ನು ಮಾತ್ರ ಹೊಸದಾಗಿ ಹೊಲಿಸಿ: ಚಪ್ಪಟೆ ಕಡೆಯ ಟಕ್ಸ್ ಬಿಚ್ಚಿಸಿ, ಆ ಬದಿಯ ಮುಂಭಾಗವನ್ನು ಬೇರೆ ಅಳತೆಯಲ್ಲಿ ಕತ್ತರಿಸಲು ಹೇಳಿ. ಹಳೆಯ ರವಿಕೆಯನ್ನೇ ಬದಿಯಲ್ಲಿ ಹಿಡಿಸಿದರೆ ಕಂಕುಳು ಬಿಗಿಯುತ್ತದೆ.