ಮರಿ ಮಾಂಸ ಬೇಯದೆ ಗಟ್ಟಿಯಾಗೋದು, ಸಾರು ಒಡೆಯೋದು, ಉಂಡೆ ಬಿಡೋದು: ಎಲ್ಲಕ್ಕೂ ಒಂದೇ ಉತ್ತರ

ಅಕ್ಕ, ನಿಮ್ಮ ಪೋಸ್ಟಿನಲ್ಲಿ ನಾಲ್ಕು ತೊಂದರೆ ಹೇಳಿದ್ದೀರಿ. ಭಾನುವಾರ ಬೆಳಿಗ್ಗೆ ತಂದ ಒಂದು ಕೆಜಿ ಮರಿ ಮಾಂಸ ಕುಕ್ಕರಿನಲ್ಲಿ ಎಂಟು ಸಲ ಕೂಗಿಸಿದರೂ ರಬ್ಬರಿನ ಹಾಗಿತ್ತು. ಸಾರಿನಲ್ಲಿ ನೀರು ಬೇರೆ, ಕಾಯಿ ಬೇರೆ ಆಯ್ತು. ಕುರಿ ವಾಸನೆ ಉಳೀತು. ಕೈಮ ಉಂಡೆ ಸಾರಿನಲ್ಲೇ ಬಿಟ್ಟುಕೊಂಡಿತು. ಕೆಳಗೆ ಒಬ್ಬರು ಪಪ್ಪಾಯ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಅಡುಗೆ ಸೋಡಾ ಅಂದಿದ್ದಾರೆ. ಮರಿ ಮಾಂಸದ ಸಾರಿಗೆ ಎರಡೂ ಬೇಡ. ಮಾಂಸ ಬೇಯೋಕೆ ಬೇಕಾದ ಹೊತ್ತು ಬೇರೆ, ಕಾಯಿ ಮಸಾಲೆಗೆ ಬೇಕಾದ ಹೊತ್ತು ಬೇರೆ. ನೀವು ಎರಡನ್ನೂ ಒಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದ್ದೀರಿ, ಆಮೇಲೆ ಕೂಗು ಎಣಿಸಿದ್ದೀರಿ. ಅರ್ಧ ತಪ್ಪು ಅಲ್ಲೇ ಇದೆ.

ಮೊದಲು ಮಾಂಸದ ಮಾತು. ಅಂಗಡಿಯಲ್ಲಿ ‘ಮರಿ’ ಅಂತ ಕೊಡೋದೆಲ್ಲ ಮರಿ ಅಲ್ಲ. ಹಾಲುಹಲ್ಲು ಇರೋ ತನಕ, ಅಂದರೆ ಸುಮಾರು ಒಂದು ವರ್ಷದೊಳಗೆ, ಅದು ಮರಿ. ಎದುರಿನ ಎರಡು ಹಲ್ಲು ಬಿದ್ದು ದೊಡ್ಡ ಹಲ್ಲು ಬಂತೆಂದರೆ ವರ್ಷ ದಾಟಿದೆ ಅಂತ ಲೆಕ್ಕ. ತಲೆ ಮುಂದೆ ಇಟ್ಟಿದ್ದರೆ ಬಾಯಿ ನೋಡಿಕೊಳ್ಳಿ, ಇಲ್ಲದಿದ್ದರೆ ಮೂಳೆ ನೋಡಿ. ಕಡಿದ ತುದಿ ಕೆಂಪಗೆ, ತೂತು ತೂತಾಗಿ ಇದ್ದರೆ ಎಳೆಯದು. ಬೆಳ್ಳಗೆ ಗಟ್ಟಿಯಾಗಿದ್ದರೆ ಬಲಿತದ್ದು. ಎಳೆಯದರ ಮಾಂಸ ತಿಳಿಗೆಂಪು, ಬಲಿತದ್ದು ಕಡುಗೆಂಪು. ಕೊಬ್ಬು ಬಿಳಿಯಾಗಿ ಗಟ್ಟಿಯಾಗಿರಬೇಕು.

ಬನ್ನೂರು ಕುರಿ, ಅಂದರೆ ಬಂಡೂರು ಕುರಿ, ಸಿಕ್ಕರೆ ಬೇರೆಯದೇ ರುಚಿ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನ ತಳಿ ಅದು, ಗಿಡ್ಡ ಕಾಲು, ದುಂಡು ಮೈ. ಕೊಬ್ಬು ಚರ್ಮದ ಕೆಳಗೆ ಮಾತ್ರ ಅಲ್ಲ, ಮಾಂಸದ ಎಳೆಗಳ ನಡುವೆಯೂ ಇರುತ್ತೆ. ಹಾಗಾಗಿ ಮೆತ್ತಗೆ ಬೇಯುತ್ತೆ, ಎಣ್ಣೆ ಅರ್ಧಕ್ಕೆ ಇಳಿಸಬಹುದು. ಆದರೆ ಅಂಗಡಿ ಬೋರ್ಡಿನಲ್ಲಿ ಆ ಹೆಸರು ಬರೆದಿದೆ ಅಂದಮಾತ್ರಕ್ಕೆ ನಂಬಬೇಡಿ. ಹೆಸರಿಗೆ ಬೆಲೆ ಇದೆ, ಶುದ್ಧ ತಳಿ ಕಡಿಮೆ.

ಸಾರಿಗೆ ಬರೀ ತೊಡೆ ತರಬೇಡಿ. ಮೂಳೆ ಬೇಡ ಅಂತ ನೀವು ತೊಡೆ ಮಾಂಸವನ್ನೇ ಕೇಳಿ ತಂದಿದ್ದೀರಿ, ಸಾರು ಸಪ್ಪೆ ಆಗೋಕೆ ಅದೂ ಕಾರಣ. ಮುಂಗೈ, ಕತ್ತು, ಪಕ್ಕೆ, ಒಂದೆರಡು ನಲ್ಲಿ ಮೂಳೆ (ಒಳಗೆ ಮಜ್ಜೆ ಇರೋ ಕೊಳವೆ ಮೂಳೆ) ಇದ್ದರೆ ನರ, ಪೊರೆ ಎಲ್ಲ ಕರಗಿ ಸಾರಿಗೆ ಅಂಟು ಬರುತ್ತೆ. ಕೆಜಿಗೆ ಮುಕ್ಕಾಲು ಪಾಲು ಮುಂಗೈ ಮತ್ತು ಕತ್ತು, ಉಳಿದದ್ದು ಪಕ್ಕೆ, ನಲ್ಲಿ. ತೊಡೆಯನ್ನು ಕೈಮಕ್ಕೂ ಒಣ ಹುರುಕಲಿಗೂ ಇಟ್ಟುಕೊಳ್ಳಿ. ತುಂಡು ಒಂದೂವರೆ ಇಂಚಿಗಿಂತ ಚಿಕ್ಕದು ಬೇಡ. ಬೇಯುವಾಗ ಹೇಗೂ ಕುಗ್ಗುತ್ತೆ.

ಇನ್ನು ಬೆಳಿಗ್ಗೆ ತಂದು ಮಧ್ಯಾಹ್ನ ಬೇಯಿಸೋ ವಿಚಾರ. ಕಡಿದ ಕೆಲವು ಗಂಟೆಯಲ್ಲಿ ಮಾಂಸಖಂಡ ಸೆಟೆದುಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ಸಡಿಲ ಆಗುತ್ತೆ. ಕಡಿದ ತಕ್ಷಣ ಒಲೆಗೇರಿಸಿದರೆ ಪರವಾಗಿಲ್ಲ, ಒಂದು ದಿನ ಫ್ರಿಜ್ಜಿನಲ್ಲಿಟ್ಟು ಬೇಯಿಸಿದರೆ ಇನ್ನೂ ಒಳ್ಳೆಯದು. ನಡುವಿನ ಹೊತ್ತಿನಲ್ಲೇ ಅದು ಅತಿ ಗಟ್ಟಿ. ನಮ್ಮ ಭಾನುವಾರದ ಬಾಡೂಟ ಬಹಳ ಸಲ ಸರಿಯಾಗಿ ಆ ನಡುವಿನ ಹೊತ್ತಿಗೇ ಬೀಳುತ್ತೆ. ಹಾಗಂತ ಬಿಸಿ ಆರದ ಮಾಂಸವನ್ನು ನೇರ ಫ್ರೀಜರಿಗೆ ತಳ್ಳಬೇಡಿ. ಸೆಟೆಯೋ ಮೊದಲೇ ಥಟ್ಟನೆ ತಣ್ಣಗಾದರೆ ಎಳೆಗಳು ಬಿಗಿಯಾಗಿ ಕುಗ್ಗಿಬಿಡುತ್ತವೆ, ಆಮೇಲೆ ಎಷ್ಟು ಬೇಯಿಸಿದರೂ ಪೂರ್ತಿ ಬಿಡೋದಿಲ್ಲ. ಶನಿವಾರ ಸಂಜೆಯೇ ತನ್ನಿ. ತೊಳೆಯದೆ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಬೆಳಿಗ್ಗೆಯೇ ತರೋದಾದರೆ ಬೇಯೋ ಹೊತ್ತು ಐದು ನಿಮಿಷ ಹೆಚ್ಚು ಹಿಡಿಯಿರಿ.

ವಾಸನೆ ಇರೋದು ಹೆಚ್ಚಾಗಿ ಕೊಬ್ಬಿನಲ್ಲಿ, ಮಾಂಸದಲ್ಲಿ ಅಲ್ಲ. ಮೇಲಿನ ದಪ್ಪ ಕೊಬ್ಬಿನ ಪದರ ತೆಗೆಸಿಬಿಡಿ, ಎಳೆ ನಡುವಿನದು ಇರಲಿ. ತೊಡೆ ಭಾಗದಲ್ಲಿ ಕೊಬ್ಬಿನೊಳಗೆ ಕಡಲೆಕಾಳಿಗಿಂತ ದೊಡ್ಡದಾದ, ಬೂದು ಬಣ್ಣದ ಮೆತ್ತನೆ ಗಂಟು ಸಿಗುತ್ತೆ, ಅದನ್ನು ಕಿತ್ತು ಬಿಸಾಡಿ. ಬಲಿತ ಟಗರಿನ ಮಾಂಸದ ವಾಸನೆ ಪೂರ್ತಿ ಹೋಗಲ್ಲ, ಅದನ್ನು ಮಸಾಲೆಯಲ್ಲಿ ಮುಚ್ಚಬೇಕು ಅಷ್ಟೆ. ಹತ್ತು ಸಲ ತೊಳೆಯೋದರಿಂದ ಏನೂ ಪ್ರಯೋಜನವಿಲ್ಲ. ಮೂಳೆ ಪುಡಿ ಹೋಗೋಕೆ ಎರಡು ನೀರು ಸಾಕು. ಆಮೇಲೆ ಜಾಲರಿ ಬುಟ್ಟಿಯಲ್ಲಿ ಕಾಲು ಗಂಟೆ ನೀರು ಸೋರಲು ಬಿಡಿ.

ಈಗ ಒಂದು ಕೆಜಿಗೆ ಅಳತೆ. ಮಸಾಲೆ ಎರಡು ಸಲ ರುಬ್ಬಬೇಕು, ಇದನ್ನು ಬಿಡಬೇಡಿ. ಮೊದಲನೆಯದು ಖಾರದ ಮಸಾಲೆ: ದಪ್ಪ ಈರುಳ್ಳಿ ಒಂದು, ಬೆಳ್ಳುಳ್ಳಿ ಒಂದು ಗೆಡ್ಡೆ, ಶುಂಠಿ ಒಂದೂವರೆ ಇಂಚು, ಒಂದಿಂಚಿನ ಚಕ್ಕೆ ಎರಡು, ಲವಂಗ ಆರು, ಮೆಣಸು ಒಂದು ಟೀ ಚಮಚ, ಧನಿಯಾ ಪುಡಿ ಮೂರು ದೊಡ್ಡ ಚಮಚ, ಖಾರದ ಪುಡಿ ಒಂದೂವರೆ ದೊಡ್ಡ ಚಮಚ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಮೆಣಸು ಇಷ್ಟನ್ನು ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ ಅಂಚು ಕೆಂಪಾಗೋವರೆಗೆ ಹುರಿಯಿರಿ. ಒಲೆ ಆರಿಸಿದ ಮೇಲೆ ಪುಡಿಗಳನ್ನು ಆ ಬಿಸಿಯಲ್ಲೇ ಕೈಯಾಡಿಸಿ. ಉರಿ ಮೇಲೆ ಪುಡಿ ಹಾಕಿದರೆ ಕ್ಷಣದಲ್ಲಿ ಸೀದು ಸಾರು ಕಹಿ ಆಗುತ್ತೆ. ಆರಿದ ಮೇಲೆ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ.

ಎರಡನೆಯದು ಕಾಯಿ ಮಸಾಲೆ: ತೆಂಗಿನಕಾಯಿ ಅರ್ಧ ಹೋಳಿನ ತುರಿ, ಹುರಿಗಡಲೆ ಎರಡು ದೊಡ್ಡ ಚಮಚ, ಗಸಗಸೆ ಒಂದು ದೊಡ್ಡ ಚಮಚ. ಗಸಗಸೆಯನ್ನು ಬರಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಹುರಿಗಡಲೆ ಜೊತೆ ಒಣಗಿರುವಾಗಲೇ ಪುಡಿ ಮಾಡಿಕೊಳ್ಳಿ, ಆಮೇಲೆ ಕಾಯಿ ಮತ್ತು ನೀರು ಹಾಕಿ ರುಬ್ಬಿ. ಎಲ್ಲ ಒಟ್ಟಿಗೆ ಹಾಕಿದರೆ ಮಿಕ್ಸಿಯಲ್ಲಿ ಗಸಗಸೆ ಅರೆಯೋದೇ ಇಲ್ಲ, ಹಾಗೇ ತೇಲುತ್ತೆ.

ಕುಕ್ಕರಿನಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ. ಹೆಚ್ಚಿದ ಈರುಳ್ಳಿ ಒಂದು, ಕರಿಬೇವು ಹಾಕಿ, ಈರುಳ್ಳಿ ಬಾಡಿದ ಮೇಲೆ ಮಾಂಸ, ಅರ್ಧ ಟೀ ಚಮಚ ಅರಿಶಿನ, ಎರಡು ಟೀ ಚಮಚ ಉಪ್ಪು. ದೊಡ್ಡ ಉರಿ ಇರಲಿ, ಮುಚ್ಚಬೇಡಿ. ಮಾಂಸ ಮೊದಲು ನೀರು ಬಿಡುತ್ತೆ, ಆ ನೀರು ಇಂಗುತ್ತೆ, ಆಮೇಲೆ ಎಣ್ಣೆಯಲ್ಲಿ ಚಟಪಟ ಅನ್ನೋ ಸದ್ದು ಶುರುವಾಗುತ್ತೆ. ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯುತ್ತೆ. ವಾಸನೆ ಹೋಗೋದು ಈ ಘಟ್ಟದಲ್ಲೇ. ನೀರು ಬಿಟ್ಟ ತಕ್ಷಣ ‘ಆಯ್ತು’ ಅಂತ ಮಸಾಲೆ ಸುರಿಯೋರೇ ಜಾಸ್ತಿ. ಸದ್ದು ಬದಲಾಗೋ ತನಕ ಕಾಯಿರಿ. ಉಪ್ಪು ಮೊದಲೇ ಹಾಕಿದರೆ ಮಾಂಸ ಗಟ್ಟಿ ಆಗುತ್ತೆ ಅನ್ನೋ ಮಾತಿದೆ, ನಿಜವಲ್ಲ. ಕೊನೆಗೆ ಹಾಕಿದ ಉಪ್ಪು ಸಾರಿನಲ್ಲೇ ಉಳಿದು ತುಂಡು ಸಪ್ಪೆ ಆಗುತ್ತೆ.

ಈಗ ಖಾರದ ಮಸಾಲೆ ಹಾಕಿ, ಎಣ್ಣೆ ಅಂಚಿನಲ್ಲಿ ಬಿಡೋವರೆಗೆ ಐದಾರು ನಿಮಿಷ ಮಧ್ಯಮ ಉರಿಯಲ್ಲಿ ಹುರಿಯಿರಿ. ಟೊಮೆಟೊ ಎರಡು ಸಾಕು. ಹುಣಸೆ ಬೇಡವೇ ಬೇಡ. ಹುಳಿ ಹೆಚ್ಚಾದರೆ ಮಾಂಸ ತನ್ನ ನೀರನ್ನು ಹಿಡಿದುಕೊಳ್ಳೋದಿಲ್ಲ, ಒಣಒಣ ಅನ್ನಿಸುತ್ತೆ. ಮೂರು ಲೋಟ, ಅಂದರೆ ಸುಮಾರು 600 ಮಿ.ಲೀ. ಬಿಸಿ ನೀರು ಹಾಕಿ ಮುಚ್ಚಿ.

ಕೂಗು ಎಣಿಸೋದನ್ನು ಇವತ್ತೇ ಬಿಟ್ಟುಬಿಡಿ. ಉರಿ ದೊಡ್ಡದಿದ್ದರೆ ಎಂಟು ಕೂಗು ಹತ್ತೇ ನಿಮಿಷದಲ್ಲಿ ಮುಗಿಯುತ್ತೆ, ಚಿಕ್ಕದಿದ್ದರೆ ಅರ್ಧ ಗಂಟೆ ಆದರೂ ಎರಡು ಕೂಗು ಬರಲ್ಲ. ಒಂದು ಕೂಗು ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಗಡಿಯಾರ ನೋಡಿ. ಹಾಲುಹಲ್ಲಿನ ಮರಿಗೆ ಹನ್ನೆರಡರಿಂದ ಹದಿನೈದು ನಿಮಿಷ, ಎರಡು ಹಲ್ಲಿನದಕ್ಕೆ ಇಪ್ಪತ್ತು, ಅದಕ್ಕೂ ಬಲಿತ ಟಗರಿಗೆ ಮೂವತ್ತು. ಗಟ್ಟಿ ಮಾಂಸದಲ್ಲಿ ಎರಡು ಬಗೆ ಇದೆ. ಕಚ್ಚಿದರೆ ಪುಟಿಯೋ ಹಾಗಿದ್ದರೆ ಬೆಂದದ್ದು ಸಾಲದು, ಇನ್ನೂ ಐದೈದು ನಿಮಿಷ ಕೊಡಿ. ಎಳೆ ಎಳೆಯಾಗಿ ಬಿಟ್ಟರೂ ಬಾಯಲ್ಲಿ ಒಣಗಿದ್ದರೆ ಬೆಂದದ್ದು ಜಾಸ್ತಿ, ಅದಕ್ಕೆ ಮದ್ದಿಲ್ಲ. ನಿಮ್ಮದು ಮೊದಲನೆಯದು. ಒಲೆ ಆರಿಸಿದ ಮೇಲೆ ಚಮಚದಲ್ಲಿ ವಿಶಲ್ ಎತ್ತಿ ಹಬೆ ಬಿಡಬೇಡಿ. ಒತ್ತಡ ಥಟ್ಟನೆ ಇಳಿದರೆ ಒಳಗೆಲ್ಲ ಕೊತಕೊತ ಕುದಿದು ತುಂಡಿನ ರಸ ಹೊರಗೆ ಬರುತ್ತೆ. ತಾನಾಗೇ ಇಳಿಯಲಿ.

ಪಾತ್ರೆಯಲ್ಲೇ ಮಾಡೋದಾದರೆ ಮರಿಗೆ ಒಂದು, ಒಂದೂಕಾಲು ಗಂಟೆ, ಬಲಿತದ್ದಕ್ಕೆ ಎರಡು ಗಂಟೆ. ಬೆಂಗಳೂರು, ಮೈಸೂರಿನಂಥ ಎತ್ತರದ ಊರಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತೆ, ಅದಕ್ಕೇ ಕರಾವಳಿಯವರು ಬರೆದ ಸಮಯಕ್ಕಿಂತ ಇಲ್ಲಿ ಸ್ವಲ್ಪ ಹೆಚ್ಚು ಬೇಕು. ಸೌದೆ ಒಲೆ ಸಾರಿನ ರುಚಿಯ ಅರ್ಧ ಗುಟ್ಟು ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯೋದರಲ್ಲೇ ಇದೆ, ಹೊಗೆಯಲ್ಲಿ ಅಲ್ಲ.

ಮಾಂಸ ಬೆಂದಿದೆ ಅಂತ ಒತ್ತಿ ನೋಡಿ ಖಾತ್ರಿ ಆದ ಮೇಲೆ ಮಾತ್ರ ಕಾಯಿ ಮಸಾಲೆ. ಜಾರು ತೊಳೆದ ನೀರೂ ಸೇರಿ ಒಂದೂವರೆ ಲೋಟ ಬರುತ್ತೆ, ಅದು ತಣ್ಣಗಿದ್ದರೆ ಮೊದಲು ಬಿಸಿ ಸಾರು ಎರಡು ಸೌಟು ಬೆರೆಸಿ ಆಮೇಲೆ ಸುರಿಯಿರಿ. ಸಣ್ಣ ಉರಿಯಲ್ಲಿ, ಮುಚ್ಚದೆ, ಹತ್ತು ನಿಮಿಷ. ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದರೆ ಸಾಕು, ಕೊತಕೊತ ಕುದಿಯಬಾರದು. ಕುಕ್ಕರಿನ ಬಿಸಿಯಲ್ಲಿ ಕಾಯಿ ಅಷ್ಟು ಹೊತ್ತು ಕುದಿದರೆ ಅದರ ಎಣ್ಣೆ ಬೇರೆಯಾಗಿ ಹಿಪ್ಪೆ ತಳ ಸೇರುತ್ತೆ, ತಳ ಹಿಡಿಯುತ್ತೆ ಕೂಡ. ನಿಮ್ಮ ಸಾರು ಒಡೆದದ್ದು ಹೀಗೇ. ಒಡೆದ ಸಾರನ್ನು ಸ್ವಲ್ಪ ಮಟ್ಟಿಗೆ ಸರಿ ಮಾಡಬಹುದು: ಒಂದು ದೊಡ್ಡ ಚಮಚ ಹುರಿಗಡಲೆ ಪುಡಿಯನ್ನು ಬೆಚ್ಚನೆ ನೀರಿನಲ್ಲಿ ಗಂಟಿಲ್ಲದೆ ಕಲಸಿ ಹಾಕಿ, ಐದು ನಿಮಿಷ ಸಣ್ಣ ಉರಿ. ಅದಕ್ಕಿಂತ ಹೆಚ್ಚು ಹಾಕಬೇಡಿ, ಆರಿದ ಮೇಲೆ ಸಾರು ಗೊಜ್ಜಾಗುತ್ತೆ. ಮುದ್ದೆಗೆ ತೆಳು ಸಾರೇ ಚೆನ್ನ, ದೋಸೆಗೂ ಚಪಾತಿಗೂ ಬೇಕಾದರೆ ಗಟ್ಟಿ ಮಾಡಿಕೊಳ್ಳಿ.

ಈಲಿ (ಲಿವರ್) ಹಾಕೋದಿದ್ದರೆ ಈ ಕೊನೆಯ ಹತ್ತು ನಿಮಿಷದಲ್ಲೇ. ಮಾಂಸದ ಜೊತೆ ಮೊದಲಿಂದ ಬೇಯಿಸಿದರೆ ಕಲ್ಲಾಗುತ್ತೆ.

ಇನ್ನು ಉಂಡೆ. ಅರ್ಧ ಕೆಜಿ ಕೈಮಕ್ಕೆ ಅಳತೆ: ಹುರಿಗಡಲೆ ಪುಡಿ ಐದು ದೊಡ್ಡ ಚಮಚ, ಕಾಯಿತುರಿ ಎರಡು ದೊಡ್ಡ ಚಮಚ, ಮೇಲಿನ ಖಾರದ ಮಸಾಲೆ ಒಂದೂವರೆ ದೊಡ್ಡ ಚಮಚ, ಉಪ್ಪು ಒಂದು ಟೀ ಚಮಚ, ಸಣ್ಣಗೆ ಹೆಚ್ಚಿದ ಕೊತ್ತಂಬರಿ. ಒಡೆಯೋಕೆ ಮುಖ್ಯ ಕಾರಣ ನೀರು. ನೀವು ಕೈಮ ತಂದು ತೊಳೆದಿದ್ದೀರಿ, ಹಾಗೆ ತೊಳೆದ ಕೈಮ ಎಷ್ಟು ಹಿಂಡಿದರೂ ನೀರು ಬಿಡಲ್ಲ. ಮಾಂಸ ತೊಳೆದು, ಒರೆಸಿ, ಆಮೇಲೆ ಕೈಮ ಮಾಡಿಸಬೇಕು. ಅಂಗಡಿಯಲ್ಲಿ ಎರಡು ಸಲ ಮಷಿನ್ನಿಗೆ ಹಾಕಿ ಅಂತ ಹೇಳಿ, ಇಲ್ಲವೇ ಮನೆಯಲ್ಲಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ. ಪೂರ್ತಿ ಕೊಬ್ಬು ತೆಗೆದ ಕೈಮ ಬೇಡ, ಉಂಡೆ ಗಡುಸಾಗುತ್ತೆ. ಹಸಿ ಈರುಳ್ಳಿ ಹಾಕೋದಾದರೆ ಉಪ್ಪು ಸವರಿ ಹಿಂಡಿ ಹಾಕಿ.

ಮೊದಲು ಕೈಮಕ್ಕೆ ಉಪ್ಪು ಮಾತ್ರ ಹಾಕಿ ಮೂರು ನಿಮಿಷ ಚೆನ್ನಾಗಿ ನಾದಿ. ಕೈಗೆ ಅಂಟಂಟಾಗಿ ಬರೋಕೆ ಶುರುವಾಗುತ್ತೆ, ಉಂಡೆಯನ್ನು ಹಿಡಿದಿಡೋದು ಆ ಅಂಟೇ. ಆಮೇಲೆ ಉಳಿದದ್ದು ಸೇರಿಸಿ. ನಿಂಬೆಗಿಂತ ಸ್ವಲ್ಪ ಚಿಕ್ಕದಾಗಿ, ಬಿರುಕಿಲ್ಲದೆ ಉಂಡೆ ಕಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕಾಯಿ ಮಸಾಲೆ ಬಿದ್ದು ಸಾರು ಮೆಲ್ಲಗೆ ಕುದಿಯೋವಾಗ ಒಂದೇ ಒಂದು ಉಂಡೆ ಹಾಕಿ ನೋಡಿ. ಎರಡು ನಿಮಿಷದಲ್ಲಿ ಒಡೆಯಲಿಲ್ಲ ಅಂದರೆ ಉಳಿದವನ್ನೂ ಹಾಕಿ, ಒಡೆಯಿತೆಂದರೆ ಇನ್ನೊಂದು ಚಮಚ ಹುರಿಗಡಲೆ ಪುಡಿ ಸೇರಿಸಿ ಕಲಸಿ. ಐದು ನಿಮಿಷ ಸೌಟು ಆಡಿಸಲೇಬೇಡಿ, ಪಾತ್ರೆಯನ್ನು ಹಿಡಿದು ಮೆಲ್ಲಗೆ ಅಲುಗಿಸಿ ಸಾಕು. ಹದಿನೈದು ನಿಮಿಷಕ್ಕೆ ಒಳಗಿನವರೆಗೆ ಬೇಯುತ್ತೆ, ಅಷ್ಟು ಹೊತ್ತೂ ಉರಿ ಸಣ್ಣದೇ.

ಪಪ್ಪಾಯ ಬಗ್ಗೆ ಕೇಳಿದವರಿಗೆ: ಕೆಂಡದ ಮೇಲೆ ಸುಡೋ ಬಲಿತ ಮಾಂಸಕ್ಕೆ ಕೆಜಿಗೆ ಒಂದು ದೊಡ್ಡ ಚಮಚ ಹಸಿ ಪಪ್ಪಾಯ ಅರೆದು ಅರ್ಧ ಗಂಟೆ ಸವರಿಡಬಹುದು. ರಾತ್ರಿಯೆಲ್ಲ ಬಿಟ್ಟರೆ ಹೊರಮೈ ಹಿಟ್ಟಾಗುತ್ತೆ. ಸೋಡಾ ಹಾಕಿದರೆ ಮೆತ್ತಗಾಗುತ್ತೆ ನಿಜ, ಆದರೆ ಸೋಪಿನ ರುಚಿ ಬರುತ್ತೆ.

ಹೊರದೇಶದಲ್ಲಿರೋರು ಇಬ್ಬರು ಇದೇ ಥ್ರೆಡ್ಡಿನಲ್ಲಿ ಕೇಳಿದ್ದಾರೆ. ಅಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ‘ಲ್ಯಾಂಬ್’ ಅಂತ ಮಾರೋದು ಎಳೆಯದೇ ಆಗಿರುತ್ತೆ, ಹನ್ನೆರಡು ನಿಮಿಷಕ್ಕೆ ನೋಡಿ. ಮೂಳೆ ಸಮೇತ ಶೋಲ್ಡರ್ ಕೇಳಿ, ಮೂಳೆ ತೆಗೆದ ಲೆಗ್ ಬೇಡ. ಕೊಬ್ಬು ನಮ್ಮ ಕುರಿಗಿಂತ ಬಹಳ ಇರುತ್ತೆ, ಮೇಲಿನದ್ದು ಕತ್ತರಿಸಿ ತೆಗೆದು ಎಣ್ಣೆ ಒಂದೇ ಚಮಚ ಹಾಕಿ. ಫ್ರೀಜ್ ಆದ ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಿ, ಬಿಸಿ ನೀರಿನಲ್ಲಿ ಮುಳುಗಿಸಿ ಕರಗಿಸಬೇಡಿ. ದುಬೈಯಲ್ಲಿರೋರು ಊರಿಂದ ಗಸಗಸೆ ಒಯ್ಯಲೇಬೇಡಿ, ಅಲ್ಲಿ ಅದು ಕಾನೂನಿಗೆ ವಿರುದ್ಧ. ಅದರ ಬದಲು ಎಂಟು ಹತ್ತು ಗೋಡಂಬಿ ನೆನೆಸಿ ಕಾಯಿ ಜೊತೆ ರುಬ್ಬಿದರೆ ಸಾರು ಅಷ್ಟೇ ಹೊಂದಿಕೊಳ್ಳುತ್ತೆ.

ಉಳಿದ ಸಾರು ಮಾರನೇ ದಿನಕ್ಕೆ ಇನ್ನೂ ರುಚಿ, ಆದರೆ ರಾತ್ರಿಯೆಲ್ಲ ಒಲೆ ಕಟ್ಟೆ ಮೇಲೆ ಇಡಬೇಡಿ. ಒಲೆ ಆರಿಸಿದ ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ಸುರಿದು ಫ್ರಿಜ್ಜಿಗಿಡಿ. ಬೆಳಿಗ್ಗೆ ಮೇಲೆ ಗಟ್ಟಿಯಾದ ಕೊಬ್ಬನ್ನು ಚಮಚದಲ್ಲಿ ಅರ್ಧ ತೆಗೆದು, ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದುಕೊಂಡು ಪೂರ್ತಿ ಬಿಸಿ ಮಾಡಿ. ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಉಂಡೆಯೂ ಗಟ್ಟಿಯಾಗುತ್ತೆ, ಕಾಯಿಯೂ ಒಡೆಯುತ್ತೆ.