ರಿಪೋರ್ಟಿನಲ್ಲಿರುವ ‘ಪೇರ್ಡ್ ಡೊಮೈನ್’ ಅಂದರೆ ಇದು

ಮಗನಿಗೆ ಅನಿರಿಡಿಯಾ (ಕಣ್ಣಿನ ಬಣ್ಣದ ಉಂಗುರ ಸರಿಯಾಗಿ ಮೂಡದಿರುವುದು), ರಿಪೋರ್ಟಿನಲ್ಲಿ ‘ಪ್ಯಾಕ್ಸ್6, ಪೇರ್ಡ್ ಡೊಮೈನ್, ಮಿಸ್‌ಸೆನ್ಸ್’ ಅಂತಿದೆ, ಹಾಗಂದ್ರೇನು, ಎರಡನೇ ಮಗುವಿಗೂ ಬರುತ್ತಾ ಅಂತ ಕೇಳಿದ್ದೀರಿ.

ಪ್ಯಾಕ್ಸ್6 ಒಂದು ಮೇಸ್ತ್ರಿ ಪ್ರೋಟೀನು. ತಾನು ಕಣ್ಣು ಕಟ್ಟುವುದಿಲ್ಲ; ಕಟ್ಟುವ ಜೀನುಗಳಿಗೆ ‘ಶುರು ಮಾಡಿ’, ‘ಸಾಕು’ ಅನ್ನುತ್ತದೆ. ಅದಕ್ಕೆ ಮೊದಲು ಡಿಎನ್‌ಎಯಲ್ಲಿ ಸರಿಯಾದ ಜಾಗ ಹಿಡಿಯಬೇಕು. ಹಿಡಿಯುವ ಕೈ ಎರಡು: 128 ಅಮೈನೋ ಆಮ್ಲಗಳ (ಪ್ರೋಟೀನಿನ ಸರದ ಮಣಿಗಳು) ಪೇರ್ಡ್ ಡೊಮೈನ್, ಸುಮಾರು 60ರ ಹೋಮಿಯೋಡೊಮೈನ್. ನಿಮ್ಮ ಮಗನಲ್ಲಿ ಮೊದಲನೇ ಕೈಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ (ಮಿಸ್‌ಸೆನ್ಸ್ ಅಂದರೆ ಇದೇ), ಹಿಡಿತ ಸಡಿಲ. ಈ ಪ್ರೋಟೀನು ಮಾಡುವ ಜೀನಿನ ಇನ್ನೊಂದು ಪ್ರತಿ ಚೆನ್ನಾಗೇ ಇರುತ್ತದೆ. ಆದರೆ ಕಣ್ಣು ಬೆಳೆಯಲು ಅರ್ಧ ಪಾಲು ಸಾಲದು. ಅದಕ್ಕೇ ಪಾಪೆಯ ಸುತ್ತಲಿನ ಬಣ್ಣದ ಉಂಗುರ ಪೂರ್ತಿ ಮೂಡಿಲ್ಲ, ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಪ್ರೋಟೀನೇ ಅರ್ಧಕ್ಕೆ ತುಂಡಾಗುವ ಬದಲಾವಣೆಗಳಿಗಿಂತ ಮಿಸ್‌ಸೆನ್ಸ್ ಎಷ್ಟೋ ಸಲ ಸ್ವಲ್ಪ ಸೌಮ್ಯ. ಗ್ಯಾರಂಟಿ ಏನಲ್ಲ.

ಅನಿರಿಡಿಯಾ ಇದ್ದರೆ ಕಿಡ್ನಿ ಗಡ್ಡೆಯೂ ಬರಬಹುದು ಅಂತ ಯಾರೋ ಹೇಳಿದ್ದರೆ, ಅದು ಬೇರೆ ಕತೆ. 11ನೇ ಕ್ರೋಮೋಸೋಮಿನ ತುಂಡೇ ಕಳೆದು, ಪ್ಯಾಕ್ಸ್6ರ ಹತ್ತಿರದ ಡಬ್ಲ್ಯೂಟಿ1 ಅನ್ನುವ ಜೀನೂ ಹೋದಾಗ ಆ ಅಪಾಯ ಜಾಸ್ತಿ. ಸುಮ್ನೆ ಹೆದರಬೇಡಿ, ಜೆನೆಟಿಕ್ಸ್ ಡಾಕ್ಟರ ಹತ್ತಿರ ಇದನ್ನು ಖಚಿತ ಮಾಡಿಕೊಳ್ಳಿ.

ಎರಡನೇ ಮಗುವಿನ ವಿಷಯ: ನಿಮ್ಮಿಬ್ಬರಲ್ಲಿ ಒಬ್ಬರಿಗೆ ಈ ಬದಲಾವಣೆ ಇದ್ದರೆ ಪ್ರತಿ ಸಲವೂ 50%. ಇಬ್ಬರಿಗೂ ಇಲ್ಲದಿದ್ದರೆ ತೀರಾ ಕಡಿಮೆ. ಮೊದಲು ನೀವಿಬ್ಬರೂ ರಕ್ತ ಕೊಟ್ಟು ಟೆಸ್ಟ್ ಮಾಡಿಸಿ.